ಅಂಕ ತರುವ ಗುಣ ಒಂದು, ನೆಮ್ಮದಿ ಕೆಡಿಸುವ ಗುಣ ಇನ್ನೊಂದು

ಪ್ರತಿ ಸೆಮಿಸ್ಟರಿನಲ್ಲೂ ಮೇಲಿನ ಸಾಲಿನಲ್ಲಿರುವ ಹುಡುಗಿಗೆ ಕಾಲೇಜೆಂದರೆ ಬೇಸರ. ಪಾಸಾದರೆ ಸಾಕು ಎನ್ನುವ ಹುಡುಗ ಅದೇ ಕ್ಯಾಂಪಸ್ಸಿನಲ್ಲಿ ಹಾಯಾಗಿದ್ದಾನೆ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಅಂಕದೊಂದಿಗೆ ನಂಟಿರುವ ಸ್ವಭಾವ ಒಂದಾದರೆ, ತೃಪ್ತಿಯೊಂದಿಗೆ ನಂಟಿರುವುದು ಇನ್ನೊಂದು.

ವ್ಯಕ್ತಿತ್ವವನ್ನು ಅಳೆಯಲು ಮನೋವಿಜ್ಞಾನಿಗಳು ಹೆಚ್ಚಾಗಿ ನೆಚ್ಚುವುದು ‘ಬಿಗ್ ಫೈವ್’ ಚೌಕಟ್ಟನ್ನು. ಹೊಸತಿಗೆ ತೆರೆದುಕೊಳ್ಳುವ ಗುಣ, ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಆತಂಕದ ಒಲವು ಎಂಬ ಐದು ಗುಣಗಳು ಅದರಲ್ಲಿವೆ. ಎಲ್ಲರಲ್ಲೂ ಐದೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ.

ಆಸ್ಟ್ರೇಲಿಯಾದ ಆರ್ಥರ್ ಪೊರೊಪ್ಯಾಟ್ 2009ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಅವುಗಳಲ್ಲಿ ಪಾಲ್ಗೊಂಡಿದ್ದವರು 70,000ಕ್ಕೂ ಹೆಚ್ಚು ಮಂದಿ. ಐದರಲ್ಲಿ ಅಂಕದ ಜೊತೆ ಗಟ್ಟಿಯಾಗಿ ನಿಂತದ್ದು ಶಿಸ್ತು. ಕಾಲೇಜು ಹಂತದಲ್ಲಂತೂ ಅದರ ನಂಟು ಬುದ್ಧಿಮತ್ತೆಗೆ ಹೆಚ್ಚುಕಡಿಮೆ ಸಮನಾಗಿತ್ತು. ಕಾಲೇಜಿನವರೆಗೆ ಬಂದವರು ಆಗಲೇ ಪರೀಕ್ಷೆಗಳ ಜರಡಿ ದಾಟಿದವರು. ಅವರ ನಡುವೆ ಬುದ್ಧಿಯ ಅಂತರ ಕಿರಿದಾಗಿರುತ್ತದೆ. ಜೊತೆಗೆ, ಇಂದು ಓದು ಎಂದು ಕೂರಿಸುವವರು ಅಲ್ಲಿ ಯಾರೂ ಇಲ್ಲ.

ಹಾಗೆಂದು ಶಿಸ್ತೇ ಸರ್ವಸ್ವವಲ್ಲ. ಪೊರೊಪ್ಯಾಟ್ ಕಂಡ ಸಹಸಂಬಂಧ ಸುಮಾರು 0.22. ಅಂದರೆ ವಿದ್ಯಾರ್ಥಿಗಳ ಅಂಕಗಳ ನಡುವಿನ ಏರುಪೇರಿನಲ್ಲಿ ಶಿಸ್ತಿನ ಲೆಕ್ಕಕ್ಕೆ ಬರುವುದು ಶೇ. 5ರಷ್ಟು. ಮಿಕ್ಕದ್ದರಲ್ಲಿ ಹಿಂದಿನ ತಯಾರಿ, ಪಾಠದ ಗುಣಮಟ್ಟ, ಮನೆಯ ಸ್ಥಿತಿ, ಆರೋಗ್ಯ ಎಲ್ಲಕ್ಕೂ ಪಾಲುಂಟು. ವ್ಯಕ್ತಿತ್ವದ ಪ್ರಶ್ನಾವಳಿ ನೋಡಿ ಒಬ್ಬರ ಫಲಿತಾಂಶ ಹೇಳಲಾಗದು.

ತೃಪ್ತಿಯ ಕತೆ ಬೇರೆ. ಜರ್ಮನಿಯ ಸಬ್ರಿನಾ ಟ್ರಾಪ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಇಂಥದ್ದೇ ಒಟ್ಟು ವಿಶ್ಲೇಷಣೆ ಮಾಡಿದಾಗ, ಅಂಕಕ್ಕೆ ಶಿಸ್ತಿನ ನಂಟು ಕಂಡಿತು. ಓದಿನ ತೃಪ್ತಿಗೆ ಆತಂಕದ ಒಲವಿನದು. ಸಣ್ಣದಕ್ಕೂ ಕಳವಳಪಡುವವರಲ್ಲಿ ಅತೃಪ್ತಿ ಹೆಚ್ಚು. ಬಂದ ತೊಂಬತ್ತಕ್ಕಿಂತ ತಪ್ಪಿದ ಹತ್ತೇ ಅಂಥವರ ಮನಸ್ಸನ್ನು ಕೊರೆಯುತ್ತಿರುತ್ತದೆ.

ಹಾಗಾದರೆ ಹುಟ್ಟುಗುಣ ಬದಲಾಗದೇ? ಅಮೆರಿಕದ ನೇಥನ್ ಹಡ್ಸನ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು 15 ವಾರ ಕಾಲ ತಮಗೆ ಬೇಕಾದ ಗುಣಕ್ಕೆ ಹೊಂದುವ ಸಣ್ಣಪುಟ್ಟ ಕೆಲಸಗಳನ್ನು ಆರಿಸಿಕೊಂಡರು. ಮಾಡಿ ಮುಗಿಸಿದವರಲ್ಲಿ ಗುಣ ಆ ದಿಕ್ಕಿಗೆ ತುಸು ಸರಿಯಿತು. ಮಾಡುತ್ತೇನೆಂದು ಒಪ್ಪಿಕೊಂಡು ಸುಮ್ಮನಾದವರಿಗೆ ಆ ಲಾಭ ಸಿಗಲಿಲ್ಲ.

ಕಾಲೇಜುಗಳಿಗೂ ಇದರಲ್ಲಿ ಪಾಠವಿದೆ. ಹಿಂದೆ ಬಿದ್ದವರಿಗೆ ವೇಳಾಪಟ್ಟಿ ಹಾಕಿ ಓದುವ ಅಭ್ಯಾಸ ಕಲಿಸಿದರೆ ನೆರವಾದೀತು. ಆತಂಕದಿಂದ ಒಳಗೇ ಬೇಯುವವರಿಗೆ ಬೇಕಾದದ್ದು ಆಪ್ತಸಮಾಲೋಚಕರು. ಆದರೆ ಅವರಲ್ಲಿ ಹಲವರ ಅಂಕಪಟ್ಟಿ ಚೆನ್ನಾಗಿಯೇ ಇರುತ್ತದೆ. ಅಂಕ ಕಡಿಮೆಯಾದವರನ್ನಷ್ಟೇ ಕರೆದು ವಿಚಾರಿಸುವ ಕಾಲೇಜಿಗೆ ಅವರು ಕಾಣುವುದೇ ಇಲ್ಲ.