ನೆರಡಿ ರೋಗದ ಕೊಟ್ಟಿಗೆಯ ತೊಳೆನೀರು

ನೆರಡಿ ರೋಗದಿಂದ, ಎಂದರೆ ಆಂಥ್ರಾಕ್ಸಿನಿಂದ, ದನ ಸತ್ತ ಕೊಟ್ಟಿಗೆಯ ತೊಳೆನೀರನ್ನು ಅನೇಕರು ಬಚ್ಚಲ ನೀರಿನಂತೆ ಎಣಿಸಿ ಗೋಮಾಳಕ್ಕೋ ಕೆರೆಯ ಕಾಲುವೆಗೋ ಹರಿಯಬಿಡುತ್ತಾರೆ. ಇದು ಬಹು ಅಪಾಯಕರವಾದ ರೂಢಿ. ಈ ರೋಗದ ಕ್ರಿಮಿಯು ಗಟ್ಟಿ ಕವಚವುಳ್ಳ ಬೀಜಕಣವಾಗಿ ಮಾರ್ಪಡುವುದೆಂಬುದನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು 1876ರಲ್ಲಿಯೇ ತೋರಿಸಿದನು. ಅಂತಹ ಬೀಜಕಣಗಳು ನೆಲದಲ್ಲಿ ಹತ್ತಾರು ವರ್ಷ ಬಾಳಿದ್ದು, ಅಲ್ಲಿ ಮೇಯುವ ದನಗಳಿಗೆ ರೋಗವನ್ನು ತಗುಲಿಸುತ್ತವೆ.

ಕುಡಿಯುವ ನೀರಿನ ಬಾವಿಗೆ ಹಾಕುವಷ್ಟು ಬ್ಲೀಚಿಂಗ್ ಪುಡಿಯು ಕಾಲರಾ ಕ್ರಿಮಿಯನ್ನು ಕೊಲ್ಲಬಲ್ಲುದೇ ಹೊರತು ಈ ಕವಚವನ್ನು ಭೇದಿಸಲಾರದು. ಒಬ್ಬ ಜಮೀನುದಾರರು ಒಂದು ಹಿಡಿ ಪುಡಿಯನ್ನು ಚರಂಡಿಗೆ ಎರಚಿ, ಘಾಟು ಬಂದುದರಿಂದಲೇ ನಿಶ್ಚಿಂತರಾದುದನ್ನು ನಾನು ಕಂಡಿದ್ದೇನೆ. ಘಾಟು ಶುದ್ಧಿಗೆ ಸಾಕ್ಷಿಯಲ್ಲ. ಸೆಗಣಿ, ರಕ್ತ, ಹುಲ್ಲು ಕೂಡಿದ ನೀರಿನಲ್ಲಿ ಕ್ಲೋರೀನಿನ ಬಹುಭಾಗವು ಆ ಕಲ್ಮಷದ ಮೇಲೆಯೇ ವ್ಯಯವಾಗಿ ಬೀಜಕಣಗಳಿಗೆ ತಲುಪುವುದೇ ಇಲ್ಲ.

ಆದುದರಿಂದ ಕೂಡಲೆ ಪಶುವೈದ್ಯರನ್ನು ಕರೆಸತಕ್ಕದ್ದು. ಸತ್ತ ದನವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು. ಸೆಗಣಿಯನ್ನೂ ಹುಲ್ಲನ್ನೂ ಅವರ ಸೂಚನೆಯಂತೆ ಸುಡಿಸಿ, ತೊಳೆನೀರನ್ನು ಹೊರಹರಿಯಗೊಡದೆ ತೊಟ್ಟಿಯಲ್ಲಿ ತಡೆಯಬೇಕು. ಸುಮಾರು ಶೇಕಡಾ 33 ಭಾಗ ಕ್ಲೋರೀನನ್ನು ಕೊಡಬಲ್ಲ ಹೊಸ ಪುಡಿಯಾದರೆ 100 ಲೀಟರು ನೀರಿಗೆ 3 ಕಿಲೋಗ್ರಾಂ ಬೇಕು. ಇದು ಅತಿಯೆಂದು ತೋರಬಹುದು. ಇದಕ್ಕೆ ಕಡಿಮೆ ಮಾಡಲಾಗದು. ಚೆನ್ನಾಗಿ ಕಲಕಿ, ಕಡಿಮೆಯೆಂದರೆ 2 ಗಂಟೆ ಬಿಡತಕ್ಕದ್ದು. ಬಾಯಿ ತೆರೆದಿಟ್ಟ ಹಳೆಯ ಪುಡಿಯು ಸತ್ವಹೀನ. ಯಾವ ಆಮ್ಲವನ್ನೂ ಇದರೊಡನೆ ಬೆರೆಸಬಾರದು, ವಿಷಾನಿಲ ಏಳುವುದು. ಹೀಗೆ ಶುದ್ಧಿಮಾಡಿದ ನೀರನ್ನಾದರೂ ಕೆರೆಗೆ ಬಿಟ್ಟರೆ ಮೀನು ಸಾಯುವುವು, ಪೈರಿಗೆ ಬಿಟ್ಟರೆ ಪೈರು ಸುಡುವುದು. ಅದನ್ನು ಎಲ್ಲಿ ಇಂಗಿಸಬೇಕೆಂಬುದನ್ನು ಪಶುವೈದ್ಯರೇ ತೋರಿಸಲಿ.