ಗಾಜಿನ ಮೇಲೊಂದು ಮೀಂಡ್

ಧಾರವಾಡದ ನಮ್ಮ ಮನೆಯಲ್ಲಿ ಅಜ್ಜನ ಹಾರ್ಮೋನಿಯಂ, ನನ್ನ ಐಪ್ಯಾಡ್ ಎರಡಕ್ಕೂ ಒಂದೇ ಜಮಖಾನ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಹಾರ್ಮೋನಿಯಂನಲ್ಲಿ ಬಾರದು. ಇದೂ ಒಂದು ಕಾರಣವಾಗಿ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿರ್ಬಂಧ ಸಡಿಲವಾಗಲು 1971 ಬರಬೇಕಾಯಿತು. ಗಾಜಿನ ಪರದೆಗೆ ಆ ಮಿತಿಯಿಲ್ಲ. ಜಿಯೋಶ್ರೆಡ್‌ನಂಥ ಆ್ಯಪ್‌ನಲ್ಲಿ ಬೆರಳು ಎಳೆದರೆ ಸ್ವರವೂ ಜಾರುತ್ತದೆ.

ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಸೆಕೆಂಡ್‌ಹ್ಯಾಂಡ್ ಐಪ್ಯಾಡ್ ಕೊಂಡಿದ್ದೆ. ಮೊದಲ ದಿನವೇ ನಿರಾಸೆ. ಬೆರಳು ಮುಟ್ಟಿದ ಮೇಲೆ ಸ್ವರ ತಡವಾಗಿ ಕೇಳುತ್ತಿತ್ತು. ದುಡ್ಡು ನೀರಿಗೆ ಹೋಯಿತೆಂದುಕೊಂಡೆ. ಆದರೆ ತಡ ಬ್ಲೂಟೂತ್ ಇಯರ್‌ಫೋನಿನದು. ವೈರಿನ ಇಯರ್‌ಫೋನ್ ಹಾಕಿದೆ, ಸರಿಹೋಯಿತು. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 256 ಸ್ಯಾಂಪಲ್‌ಗಳ ಬಫರಿನಿಂದಾಗುವ ತಡ ಸುಮಾರು 6 ಮಿಲಿಸೆಕೆಂಡ್ ಮಾತ್ರ.

ಹುಮ್ಮಸ್ಸಿನಿಂದ ಭೂಪ್ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದ ಅಜ್ಜ, “ಜಾರೂದು ಬಂತು ತಮ್ಮಾ, ಇನ್ನ ನಿಲ್ಲೂದು ಕಲಿ” ಎಂದರು. ನುಣುಪಾದ ಗಾಜಿನ ಮೇಲೆ ಗಾಂಧಾರ ಎಲ್ಲಿದೆಯೆಂದು ಬೆರಳಿಗೆ ತಿಳಿಯದು, ಕಿವಿಯೇ ಹೇಳಬೇಕು.

ಈಗ ಕಾಲೇಜಿಗೆ ಹೊರಡುವ ಮುನ್ನ ಅರ್ಧ ಗಂಟೆ ಅಜ್ಜನ ಜೊತೆ ಬರೀ ಸ್ವರ ಹಾಡುತ್ತೇನೆ. ಐಪ್ಯಾಡ್ ಆನ್ ಆಗುವುದು ಆಮೇಲೆ.