ನೋಡಿದರೆ 32, ಎಣಿಸಿದರೆ 49

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ. ಹಳದಿ ಗೂಡಿನ ರಾಶಿ ಒಂದು ಕಡೆ, ಬಿಳಿ ಗೂಡಿನ ರಾಶಿ ಇನ್ನೊಂದು ಕಡೆ. ಅದು ಮಿಶ್ರತಳಿ, ಇದು ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೀನ್. ದರ ಬೇರೆ, ನೂಲು ಬೇರೆ. ಹಳೆಯ ಮೈಸೂರು ತಳಿಯ ಗೂಡನ್ನು ಪಕ್ಕಕ್ಕಿಟ್ಟರೆ ಅದರ ಹಳದಿಯಲ್ಲಿ ಹಸಿರು ಛಾಯೆ. ಜಗತ್ತಿನಲ್ಲಿ ಇಂಥ ತಳಿಗಳು ಸಾವಿರಕ್ಕೂ ಹೆಚ್ಚಿವೆ. ಮೈಮೇಲೆ ಪಟ್ಟೆಯಿರುವ ಹುಳು, ಪಟ್ಟೆಯಿಲ್ಲದ ಹುಳು, ವರ್ಷಕ್ಕೊಂದೇ ಬೆಳೆ ಕೊಡುವುದು, ವರ್ಷವಿಡೀ ಮೊಟ್ಟೆಯಿಡುವುದು. ಆದರೆ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇವೆಲ್ಲ ಸೇರಿ ಒಂದೇ ಪ್ರಭೇದ: ಬಾಂಬಿಕ್ಸ್ ಮೋರಿ.

ಈಗ ಇದಕ್ಕೆ ಪೂರ್ತಿ ತಿರುಗುಮುರುಗಾದ ಸಂಗತಿ. ಮಧ್ಯ ಅಮೆರಿಕದ ಕೋಸ್ಟರಿಕಾದ ವಾಯವ್ಯ ಮೂಲೆಯಲ್ಲಿ ಗ್ವಾನಕಾಸ್ಟೆ ಎಂಬ ಸಂರಕ್ಷಿತ ಪ್ರದೇಶವಿದೆ. ಅಲ್ಲಿನ ಒಣಕಾಡಿನಲ್ಲಿ ರೇಷ್ಮೆ ಹುಳುವಿನ ಹತ್ತಿರದ ನಂಟರಾದ ಸ್ಯಾಟರ್ನಿಡೆ ಕುಟುಂಬದ ಪತಂಗಗಳು ಹಾರಾಡುತ್ತವೆ. ಅಂಗೈ ಅಗಲದವು, ಎದ್ದು ಕಾಣುವ ಬಣ್ಣದವು, ನೂರಾರು ವರ್ಷಗಳಿಂದ ಸಂಗ್ರಾಹಕರು ಹುಚ್ಚು ಹಿಡಿದು ಕೂಡಿಟ್ಟವು. ಇವುಗಳಲ್ಲಿ ಚೆನ್ನಾಗಿ ಗೊತ್ತಿದೆ ಎಂದುಕೊಂಡಿದ್ದ 32 ಪ್ರಭೇದಗಳನ್ನು ಜೀವವಿಜ್ಞಾನಿ ಡ್ಯಾನಿಯಲ್ ಜಾನ್ಜನ್ ಮತ್ತು ಜೊತೆಗಾರರು ಡಿಎನ್‌ಎ ಹಿಡಿದು ಮತ್ತೆ ಪರಿಶೀಲಿಸಿದರು. 2012ರಲ್ಲಿ ಪ್ರಕಟಿಸಿದ ಉತ್ತರ: 32 ಅಲ್ಲ, 49 ಇರಬಹುದು. ಕಣ್ಣಿಗೆ ಒಂದೇ ಎನಿಸಿದ್ದು ಹಲವು ಕಡೆ ಎರಡಾಗಿತ್ತು.

ಪುಟ್ಟ ಜೀರುಂಡೆಗಳಲ್ಲಿ, ಹೇನಿನಷ್ಟು ಚಿಕ್ಕ ಕಣಜಗಳಲ್ಲಿ ಹೀಗಾದರೆ ಯಾರೂ ಬೆರಗಾಗುವುದಿಲ್ಲ. ಅವನ್ನು ಗಮನಿಸಿದವರೇ ಕಡಿಮೆ. ಆದರೆ ಇವು ಪತಂಗಲೋಕದ ದೊರೆಗಳು.

ಒಟ್ಟು ಬಳಗದ ಗಾತ್ರವನ್ನೂ ನೋಡೋಣ. ರೇಷ್ಮೆ ಹುಳು ಸೇರಿರುವ ಮಹಾಕುಟುಂಬದ ಹೆಸರು ಬಾಂಬಿಕಾಯ್ಡಿಯ. ಅದರಲ್ಲಿ ಹತ್ತು ಕುಟುಂಬಗಳು. ಲಿನೇಯಸ್ ಎಂಬ ವಿಜ್ಞಾನಿ 1758ರಲ್ಲಿ ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರಿಡಲು ಶುರುಮಾಡಿದ ಮೇಲೆ 2011ರಲ್ಲಿ ತಜ್ಞರು ಕೂಡಿಸಿದ ಲೆಕ್ಕ 4,723 ಪ್ರಭೇದ. ಅಂದರೆ 253 ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಹತ್ತೊಂಬತ್ತು. ಏಳೇ ವರ್ಷ ಕಳೆದು 2018ರಲ್ಲಿ ಮತ್ತೊಂದು ಜಾಗತಿಕ ಪಟ್ಟಿ ಬಂತು. ಅದರಲ್ಲಿದ್ದದ್ದು 6,092. ಹೆಚ್ಚಿದ್ದು 1,369, ವರ್ಷಕ್ಕೆ ಸುಮಾರು 195, ಹೆಚ್ಚುಕಮ್ಮಿ ಎರಡು ದಿನಕ್ಕೊಂದು. ಎರಡು ಪಟ್ಟಿಗಳನ್ನು ಬೇರೆಬೇರೆಯವರು ಮಾಡಿದ್ದರಿಂದ ಈ ಹೋಲಿಕೆಯನ್ನು ತಕ್ಕಡಿಯಲ್ಲಿ ತೂಗುವಷ್ಟು ಬಿಗಿಯಾಗಿ ಹಿಡಿಯಬಾರದು. ಆದರೂ ವೇಗ ಬಹಳ ಹೆಚ್ಚಿದ್ದು ಸುಳ್ಳಲ್ಲ.

ಹಂಚಿಕೆಯಂತೂ ವಿಚಿತ್ರ. ಆರು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಟರ್ನಿಡೆ ಒಂದರದ್ದೇ. ನಮ್ಮ ಟಸಾರ್, ಅಸ್ಸಾಮಿನ ಮೂಗಾ ಮತ್ತು ಎರಿ ರೇಷ್ಮೆ ಕೊಡುವವು, ಪಶ್ಚಿಮ ಘಟ್ಟದಲ್ಲಿ ಸಿಗುವ ಅಟ್ಲಾಸ್ ಪತಂಗ, ಎಲ್ಲ ಇದೇ ಕುಟುಂಬ. ಹಿಪ್ಪುನೇರಳೆ ತಿನ್ನುವ ನಮ್ಮ ಹುಳುವಿನ ಸ್ವಂತ ಕುಟುಂಬದಲ್ಲಿ ಇನ್ನೂರರ ಆಸುಪಾಸು. ಇನ್ನೊಂದು ತುದಿಯಲ್ಲಿ ಕಾರ್ತೇಯಿಡೆ ಎಂಬ ಕುಟುಂಬ: ಅದರಲ್ಲಿ ಇರುವುದು ಒಂದೇ ಒಂದು ಪ್ರಭೇದ, ಅದೂ ಆಸ್ಟ್ರೇಲಿಯಾದ ನೈರುತ್ಯ ಮೂಲೆಯಲ್ಲಿ ಮಾತ್ರ.

ಯಾರು ಯಾರಿಗೆ ದಾಯಾದಿ ಎಂಬುದೂ ಬಹುಕಾಲ ಗೊಂದಲವೇ ಆಗಿತ್ತು. ಅಮೆರಿಕದ ಉಷ್ಣವಲಯದ ಅಪಟೆಲೋಡಿಡೆ ಪತಂಗಗಳು ನೋಡಲು ರೇಷ್ಮೆ ಪತಂಗದ ಹಾಗೇ ಇವೆ ಎಂದು ಅವನ್ನು ಇದೇ ಮನೆಗೆ ಸೇರಿಸಿದ್ದರು. ವಂಶವಾಹಿಗಳನ್ನು ಓದಿದಾಗ ಅವು ದೂರದ ನಂಟರೆಂದು ತಿಳಿದು ಬೇರೆ ಮನೆ ಹೂಡಿದವು. ರೇಷ್ಮೆ ಪತಂಗಕ್ಕೆ ನಿಜವಾಗಿ ಹತ್ತಿರದವು ಎರಡು: ಸ್ಯಾಟರ್ನಿಡೆ ಮತ್ತು ಹಾಕ್ ಪತಂಗಗಳ ಸ್ಫಿಂಜಿಡೆ. ಇದನ್ನು ನಂಬುವುದು ಕಷ್ಟ. ಗೂಡಿನಿಂದ ಹೊರಬಂದ ರೇಷ್ಮೆ ಪತಂಗ ಹಾರಲಾರದು, ತಿನ್ನಲಾರದು; ಅದಕ್ಕೆ ಕೆಲಸ ಮಾಡುವ ಬಾಯಿಯೇ ಇಲ್ಲ. ಅದರ ನಂಟ, ಮಡಗಾಸ್ಕರಿನ ಒಂದು ಹಾಕ್ ಪತಂಗದ ಹೀರುನಾಲಗೆ 25 ಸೆಂಟಿಮೀಟರಿಗೂ ಉದ್ದ. ಅಲ್ಲಿನ ಒಂದು ಆರ್ಕಿಡ್ ಹೂವಿನ ಆಳ ನೋಡಿ ಇಂಥದೊಂದು ಪತಂಗ ಇರಲೇಬೇಕು ಎಂದು ಡಾರ್ವಿನ್ 1862ರಲ್ಲಿ ಬರೆದ. ಅದಕ್ಕೆ ಹೆಸರಿಟ್ಟಿದ್ದು 1903ರಲ್ಲಿ, ಅವನು ಸತ್ತು ಇಪ್ಪತ್ತೊಂದು ವರ್ಷವಾದ ಮೇಲೆ.

ಗ್ವಾನಕಾಸ್ಟೆಗೆ ಮರಳೋಣ. ನೆಲದ ವಿಸ್ತಾರ ಸುಮಾರು 1,200 ಚದರ ಕಿಲೋಮೀಟರ್. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಆದರೆ ಅದರೊಳಗೇ ಆರು ತಿಂಗಳು ಎಲೆಯುದುರಿ ನಿಲ್ಲುವ ಒಣಕಾಡೂ ಇದೆ, ಮೋಡ ಕವಿದ ಜ್ವಾಲಾಮುಖಿಯ ನೆತ್ತಿಯೂ ಇದೆ, ಅದರಾಚೆ ಮಳೆಕಾಡೂ ಇದೆ. ಜಾನ್ಜನ್ ಮತ್ತು ಪತ್ನಿ ವಿನಿ ಹಾಲ್ವಾಕ್ಸ್ ಅಲ್ಲಿ 1978ರಿಂದ ಕಾಡಿನ ಕಂಬಳಿಹುಳುಗಳನ್ನು ತಂದು ಸಾಕುವ ಕೆಲಸ ನಡೆಸಿದ್ದಾರೆ. ಕೈಜೋಡಿಸಿದವರು ಸುತ್ತಲ ಹಳ್ಳಿಗಳ ಹೆಂಗಸರು ಗಂಡಸರು. ಪದವಿ ಓದಿದವರಲ್ಲ, ಈ ಕೆಲಸಕ್ಕೆಂದೇ ತರಬೇತಾದವರು. ಹುಳು ಸಿಕ್ಕಿದ ಗಿಡದ ಸೊಪ್ಪನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಹುಳುವನ್ನು ಬಿಟ್ಟು, ಬಟ್ಟೆ ಒಣಹಾಕುವ ಹಗ್ಗದಂಥ ದಾರಕ್ಕೆ ಸಾಲಾಗಿ ನೇತುಹಾಕುತ್ತಾರೆ. ಪ್ರತಿ ಹುಳುವಿಗೂ ಒಂದು ಸಂಖ್ಯೆ: ಮೊದಲು ಇಸವಿಯ ಕೊನೆಯ ಎರಡಂಕಿ, ಆಮೇಲೆ ಎಸ್‌ಆರ್‌ಎನ್‌ಪಿ ಎಂಬ ಅಕ್ಷರಗಳು, ಆಮೇಲೆ ಕ್ರಮಾಂಕ. ಯಾವ ಗಿಡ, ಯಾವ ಜಾಗ, ಎಂದು ಸಿಕ್ಕಿತು, ಎಂದು ಪತಂಗವಾಯಿತು, ಎಲ್ಲವೂ ಆ ಸಂಖ್ಯೆಗೆ ಅಂಟಿಕೊಂಡು ಬರುತ್ತದೆ. ಹೀಗೆ ಸಾಕಿದ ಹುಳುಗಳು 5 ಲಕ್ಷಕ್ಕೂ ಹೆಚ್ಚು. ಮರಿ ರೇಷ್ಮೆ ಹುಳು ಸಾಕುವ ಚಾಕಿ ಮನೆಯಲ್ಲಿ ಕೆಲಸ ಮಾಡಿದವರಿಗೆ ಈ ಶ್ರಮದ ಅಂದಾಜು ಸಿಗುತ್ತದೆ. ಇಲ್ಲಿ ವ್ಯತ್ಯಾಸವೇನೆಂದರೆ ಹುಳುವಿಗೊಂದು ಊಟ, ಹುಳುವಿಗೊಂದು ಕಡತ.

ಒಣಗಿದ ಪತಂಗದಿಂದ ಒಂದು ಕಾಲನ್ನು ಚಿಮಟದಲ್ಲಿ ಕಿತ್ತು ಪುಟ್ಟ ಗುಳಿಯೊಂದಕ್ಕೆ ಹಾಕುತ್ತಾರೆ. ತಟ್ಟೆಗೆ 96 ಗುಳಿ; 95ರಲ್ಲಿ ಕಾಲು, ಒಂದು ಖಾಲಿ. ತಟ್ಟೆ ಹೋಗುವುದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯಕ್ಕೆ. ಅಲ್ಲಿನ ಪಾಲ್ ಹೆಬರ್ಟ್ 2003ರಲ್ಲಿ ಡಿಎನ್‌ಎ ಬಾರ್‌ಕೋಡ್ ಎಂಬ ಉಪಾಯ ಮುಂದಿಟ್ಟವರು. ಅವರು ಓದುವುದು ಮೈಟೊಕಾಂಡ್ರಿಯದ ಒಂದು ವಂಶವಾಹಿಯ 658 ಅಕ್ಷರಗಳನ್ನು, ಅಷ್ಟೇ. ರೇಷ್ಮೆ ಹುಳುವಿನ ಪೂರ್ಣ ಜೀನೋಮಿನಲ್ಲಿ ಸುಮಾರು 46 ಕೋಟಿ ಅಕ್ಷರಗಳಿವೆ. ಪುಟಕ್ಕೆ ಎರಡು ಸಾವಿರ ಅಕ್ಷರದಂತೆ ಅಚ್ಚು ಹಾಕಿದರೆ ಅದು 2 ಲಕ್ಷ 30 ಸಾವಿರ ಪುಟ. ಬಾರ್‌ಕೋಡ್ ಪುಟದ ಮೂರನೇ ಒಂದು ಭಾಗ. ಆ ತುಣುಕಿನಲ್ಲಿ ನೂರಕ್ಕೆ ಎರಡರಷ್ಟು, ಅಂದರೆ ಹದಿಮೂರು ಅಕ್ಷರ ಬೇರೆಯಾದರೆ ಸಾಕು, ಇವು ಎರಡಿರಬಹುದೇ ಎಂಬ ಅನುಮಾನ ಏಳುತ್ತದೆ.

ಈಕ್ಲೀಸ್ ಇಂಪೀರಿಯಾಲಿಸ್‌ನ ಕತೆ ಇದೇ. ಹಳದಿ ರೆಕ್ಕೆಯ ಮೇಲೆ ಕಂದುನೇರಳೆ ಚೆಲ್ಲಿದ ಈ ಪತಂಗಕ್ಕೆ ಡ್ರೂರಿ ಎಂಬಾತ 1773ರಲ್ಲೇ ಹೆಸರಿಟ್ಟಿದ್ದ. ಗ್ವಾನಕಾಸ್ಟೆಯ ಒಣಕಾಡಿನಲ್ಲೂ ಮಳೆಕಾಡಿನಲ್ಲೂ ಇರುವುದು ಇದೊಂದೇ ಎಂದು ಎಲ್ಲರೂ ನಂಬಿದ್ದರು. ಬಾರ್‌ಕೋಡ್ ಎರಡು ಗುಂಪು ತೋರಿಸಿತು: ಒಂದು ಒಣಕಾಡಿನದು, ಇನ್ನೊಂದು ಮಳೆಕಾಡಿನದು. ಅದನ್ನು ಕಂಡ ಮೇಲೆ ರೆಕ್ಕೆ, ಮೈ ಮತ್ತೆ ನೋಡಿದರೆ ಅಲ್ಲೂ ವ್ಯತ್ಯಾಸಗಳು ಸಿಕ್ಕವು. ಇಂಥದ್ದೇ ಒಡಕು ಇನ್ನೂ ಎಂಟು ಪ್ರಭೇದಗಳಲ್ಲಿ ಎದ್ದು ಕಂಡಿತು.

ಪತಂಗಗಳಿಗೆ ಮಾತ್ರ ಈ ಗೊಂದಲ ಇರಲಾರದು. ಇರುಳಿನಲ್ಲಿ ಗಂಡು ಹೆಣ್ಣನ್ನು ಹುಡುಕುವುದು ವಾಸನೆಯಿಂದ. ರೇಷ್ಮೆ ಪತಂಗದ ಆ ವಾಸನೆ ಯಾವ ರಾಸಾಯನಿಕ ಎಂದು ಪತ್ತೆಮಾಡಲು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಇಪ್ಪತ್ತು ವರ್ಷ ದುಡಿದು, ಸುಮಾರು 5 ಲಕ್ಷ ಹೆಣ್ಣು ಪತಂಗಗಳನ್ನು ಬಳಸಿ, 1959ರಲ್ಲಿ ಉತ್ತರ ಕೊಟ್ಟರು. ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಗಂಡಿನ ಮೀಸೆಯ ಒಂದು ಸಂವೇದಕ ಕೋಶವನ್ನು ಎಬ್ಬಿಸಲು ಅದರ ಒಂದೇ ಅಣು ಸಾಕು. ರೆಕ್ಕೆಯ ಚಿತ್ತಾರ ನೋಡಿ ಪ್ರಭೇದ ಎಣಿಸಿದ್ದು ನಮ್ಮ ಅನುಕೂಲಕ್ಕೆ.

ಹಾಗೆಂದು ಬಾರ್‌ಕೋಡ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಬರೀ ಹದಿಮೂರು ಅಕ್ಷರ ಹಿಡಿದು ಹೊಸ ಹೆಸರು ಘೋಷಿಸುವವರ ಬಗ್ಗೆ ತಜ್ಞರಲ್ಲೇ ತಕರಾರಿದೆ, ಆರು ಸಾವಿರದ ಪಟ್ಟಿಯಲ್ಲಿ ನಾಳೆ ಕೆಲವು ಉದುರಿದರೂ ಉದುರಬಹುದು. ಗ್ವಾನಕಾಸ್ಟೆಯ 49ರ ಮೇಲೆ ನನಗೆ ನಂಬಿಕೆ ಹೆಚ್ಚು. ಕಾರಣ ಡಿಎನ್‌ಎ ಅಲ್ಲ, ಆ ಚೀಲಗಳು. ಅಕ್ಷರಗಳು ಎಬ್ಬಿಸಿದ ಅನುಮಾನವನ್ನು ಯಾವ ಕಾಡು, ಯಾವ ಸೊಪ್ಪು, ಯಾವ ತಿಂಗಳು ಎಂಬ ದಾಖಲೆಯ ಜೊತೆಗಿಟ್ಟು ನೋಡಲು ಅಲ್ಲಿ ಸಾಧ್ಯವಾಯಿತು.

ಮಲೆನಾಡಿನಲ್ಲಿ ನಿಮ್ಮ ಜಗಲಿಯ ದೀಪಕ್ಕೆ ಅಟ್ಲಾಸ್ ಪತಂಗವೋ ಚಂದ್ರ ಪತಂಗವೋ ಬಂದರೆ ಮೊಬೈಲಿನಲ್ಲಿ ಫೋಟೊ ತೆಗೆಯುತ್ತೀರಿ, ಒಳ್ಳೆಯದು. ಜೊತೆಗೆ ದಿನ ಮತ್ತು ಊರು ಬರೆದಿಡಿ. ತೋಟದಲ್ಲಿ ಅದರ ಹುಳು ಕಂಡರೆ ಯಾವ ಗಿಡದ ಸೊಪ್ಪು ತಿನ್ನುತ್ತಿತ್ತು ಎಂಬುದನ್ನಂತೂ ಮರೆಯದೆ ಬರೆಯಿರಿ.